ಮುಂದಿನ ಗಾಡಿಯ ಮೂರಕ್ಷರ

ನಮ್ಮ ಮಾವನ ಕಾರು ಹತ್ತಿದವರಿಗೆ ಸುಮ್ಮನೆ ಕೂರುವ ಹಕ್ಕಿಲ್ಲ. ಮುಂದೆ ಹೋಗುವ ಗಾಡಿಯ ನಂಬರ್ ಪ್ಲೇಟಿನಲ್ಲಿ ‘ಕೆಎ’ ಬಿಟ್ಟು ಎರಡು ಇಂಗ್ಲಿಷ್ ಅಕ್ಷರಗಳಿರುತ್ತವಲ್ಲ, ಅವಕ್ಕೆ ಆ ಗಾಡಿಯ ಹೆಸರಿನ ಮೊದಲಕ್ಷರ ಸೇರಿಸಿ, ಆ ಮೂರೂ ಅದೇ ಕ್ರಮದಲ್ಲಿ ಬರುವಂಥ ಉದ್ದನೆಯ ಇಂಗ್ಲಿಷ್ ಪದವೊಂದನ್ನು ಹೇಳಬೇಕು. ನಡುವೆ ಬೇರೆ ಅಕ್ಷರಗಳು ಎಷ್ಟು ಬೇಕಾದರೂ ನುಗ್ಗಬಹುದು. ಯಾರ ಪದ ಉದ್ದವೋ ಅವರು ಗೆದ್ದ ಹಾಗೆ. ಗೆಲ್ಲುವುದು ಯಾವಾಗಲೂ ಮಾವನೇ. ಮದುವೆಯಾದ ಹೊಸದರಲ್ಲಿ ಒಮ್ಮೆ ಬಿ, ಆರ್, ಟಿ ಬಂತು. ನಾನು ತಿಣುಕಾಡಿ ‘ಬ್ರೈಟ್’ ಎಂದೆ. ನನ್ನ ಹೆಂಡತಿ ‘ಬರ್ತ್‌ಡೇ’ ಎಂದಳು. ಮಾವ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಾ, ಒಂದೊಂದೇ ತುಂಡಾಗಿ, ‘ಎಂಬರಾಸ್‌ಮೆಂಟ್’ ಎಂದರು. ಅವತ್ತಿನಿಂದ ಆ ಆಟ ಎಂದರೆ ನನಗೆ ಮೈ ಉರಿಯುತ್ತದೆ. ನಾನು ಲಿಫ್ಟ್ ರಿಪೇರಿ ಮಾಡುವವನು. ನನಗೆ ‘ಮೇಲೆ’, ‘ಕೆಳಗೆ’ ಎರಡೇ ಪದ ಸಾಕು.

ಮಾವ ಬಹುಕಾಲ ಟೈಪಿಂಗ್ ಶಾಲೆ ನಡೆಸಿದವರು. ಉದ್ದ ಪದ ಹೊಡೆದರೆ ಹತ್ತೂ ಬೆರಳು ಪಳಗುತ್ತವೆ ಎಂದು ವಿದ್ಯಾರ್ಥಿಗಳಿಂದ ಇಡೀ ದಿನ ಮೊಳದುದ್ದದ ಪದಗಳನ್ನೇ ಕುಟ್ಟಿಸುತ್ತಿದ್ದರಂತೆ. ಹುಡುಗರು ಬೆನ್ನ ಹಿಂದೆ ಅವರಿಗೆ ಇಟ್ಟ ಹೆಸರು ಡಿಕ್ಷನರಿ. ಅತ್ತೆಯೂ ಮೊದಲು ಅಲ್ಲಿ ಕಲಿಯಲು ಬಂದವರೇ. ಬೆರಳು ಪಳಗಿತೋ ಇಲ್ಲವೋ, ಮದುವೆಯಂತೂ ಆಯಿತು. ಆಮೇಲೆ ಕಂಪ್ಯೂಟರ್ ಬಂದು ಟೈಪಿಂಗ್ ಕಲಿಯುವವರೇ ಇಲ್ಲವಾದರು. ಶಾಲೆಗೆ ಬೀಗ ಬಿತ್ತು. ಮಾವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಕರೆದರೆ ಓಗೊಡುತ್ತಿರಲಿಲ್ಲ, ಊಟಕ್ಕೆ ಎಬ್ಬಿಸಬೇಕಿತ್ತು. ಆಗ ಅತ್ತೆಯೇ ಹಟ ಹಿಡಿದು ಈ ಹಳೇ ಕಾರು ಕೊಡಿಸಿದರು. ದಿನಾ ಸಂಜೆ ಇಬ್ಬರೂ ಸುತ್ತಾಡಲು ಹೊರಟರು. ಆಟ ಶುರುವಾಯಿತು, ಮಾವನಿಗೆ ಮತ್ತೆ ಮಾತು ಬಂತು. ಅದಕ್ಕೇ ನಾನು ಎಷ್ಟು ಗೊಣಗಿದರೂ ಆಟ ಬೇಡ ಎಂದು ಮಾತ್ರ ಯಾವತ್ತೂ ಅಂದವನಲ್ಲ.

ಮಾವನದೊಂದು ಅಭ್ಯಾಸವಿತ್ತು. ಅಕ್ಷರಗಳು ಕಿವಿಗೆ ಬಿದ್ದ ತಕ್ಷಣ ಅವರ ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಟ್ಟು ಬ್ರೇಕಿನ ಮೇಲೆ ಕೂರುತ್ತಿತ್ತು. ಪದ ಸಿಗುವವರೆಗೆ ಕಾರು ತೆವಳುತ್ತಿತ್ತು. ಹಿಂದಿನವರು ಹಾರನ್ ಹೊಡೆದು ಹೊಡೆದು ಶಾಪ ಹಾಕುತ್ತಿದ್ದರು. ಅಪ್ಪನ ತಲೆ ಓಡಿದರೆ ಗಾಡಿ ನಿಲ್ಲುತ್ತದೆ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಆದರೆ ಈಚೆಗೆ ಅವಳ ನಗು ಕಡಿಮೆಯಾಗಿತ್ತು. ಕಾರಿನ ಎಡಮಗ್ಗುಲಲ್ಲಿ ಗೀರುಗಳು ಹೆಚ್ಚಾಗಿದ್ದವು. ಗೇಟಿನ ಕಂಬಕ್ಕೆ ಉಜ್ಜಿದ್ದಾಯಿತು, ಪಕ್ಕದ ಮನೆಯವರ ಹೂಕುಂಡ ಉರುಳಿಸಿದ್ದಾಯಿತು. ಕೇಳಿದರೆ ಮಾವನದು ಒಂದೇ ಉತ್ತರ, ‘ಅದು ಎಲ್ಲಿಂದ ಬಂತೋ.’ ಕಂಬ ಎಲ್ಲಿಂದಲೂ ಬಂದಿರಲಿಲ್ಲ, ಮನೆ ಕಟ್ಟಿದಾಗಿನಿಂದ ಅಲ್ಲೇ ಇತ್ತು. ಮನೆಯೊಳಗೂ ಹಾಗೇ. ಮೇಜಿನ ಮೇಲೆ ಪಕ್ಕದಲ್ಲಿಟ್ಟ ಲೋಟ ಮೊಣಕೈಗೆ ತಾಗಿ ಬೀಳುತ್ತಿತ್ತು. ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. ಅಪ್ಪನಿಗೆ ಮರೆವು ಶುರುವಾಯಿತೇನೋ, ತಲೆ ಮೊದಲಿನ ಹಾಗಿಲ್ಲವೇನೋ ಎಂಬ ಭಯ ನನ್ನ ಹೆಂಡತಿಯ ಹೊಟ್ಟೆಯಲ್ಲಿ ಸೇರಿಕೊಂಡಿತ್ತು.

ಭಯಕ್ಕೆ ಕಾರಣವೂ ಇತ್ತು. ಅವಳು ಔಷಧಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದಾಳೆ. ಸೋಮವಾರದಿಂದ ಅವಳಿಗೆ ಬೆಳಗಿನ ಪಾಳಿ. ನನ್ನ ಕೆಲಸವೂ ಕಚೇರಿಗಳು ತೆರೆಯುವ ಮೊದಲೇ. ಒಂದನೇ ಕ್ಲಾಸಿನಲ್ಲಿರುವ ನಮ್ಮ ಮಗಳನ್ನು ಶಾಲೆಗೆ ಬಿಡುವವರು ಯಾರು? ಮಾವ ಮುಂದೆ ಬಂದರು. ಮೊಮ್ಮಗಳಿಗೆ ದಿನಕ್ಕೊಂದು ಉದ್ದ ಪದ ಕಲಿಸುತ್ತೇನೆ ಎಂದು ಕುಣಿದಾಡಿದರು. ಅತ್ತೆ ತಕ್ಷಣ, ತಾನೂ ದಿನಾ ಜೊತೆಗೆ ಹೋಗುವುದಾಗಿ ಹೇಳಿದರು. ಬೆಳಗಿನ ಹೊತ್ತು ಅತ್ತೆಯ ಮಂಡಿ ಎಷ್ಟು ನೋಯುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನೀನ್ಯಾಕೆ ಸುಮ್ಮನೆ ಒದ್ದಾಡುತ್ತೀಯ ಎಂದು ಹೆಂಡತಿ ತಳ್ಳಿಹಾಕಿದಳು. ನಾನೂ ದನಿಗೂಡಿಸಿದೆ. ಅತ್ತೆ ಮತ್ತೆ ಮತ್ತೆ ಅದೇ ಮಾತು ತೆಗೆದರು. ವಯಸ್ಸಾದವರ ಹಟ ಎಂದುಕೊಂಡೆವು.

ಭಾನುವಾರ ಬೆಳಿಗ್ಗೆ ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ತನ್ನ ಯೋಜನೆ ಹೇಳಿದಳು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಶಾಲೆಯ ದಾರಿಯಲ್ಲಿ ಅಪ್ಪನೊಂದಿಗೆ ಒಂದು ಸುತ್ತು ಹೋಗಿ ಬರುವುದು. ದಾರಿಯುದ್ದಕ್ಕೂ ಆಟ ಆಡಿಸುವುದು.

“ತಲೆ ನೆಟ್ಟಗಿದ್ರೆ ಪದ ಬರುತ್ತೆ. ಪದ ಬಂದ್ರೆ ನಾಳೆಯಿಂದ ಪಾಪೂನ ಕಳಿಸೋಣ. ತಡವರಿಸಿದ್ರೆ ಇವತ್ತೇ ಕೀ ಇಸ್ಕೊಂಡುಬಿಡ್ತೀನಿ, ನೀನು ಅಡ್ಡ ಬರಬೇಡ,” ಎಂದಳು.

ಅಡ್ಡ ಬರುವ ಧೈರ್ಯ ನನಗೆಲ್ಲಿಂದ ಬರಬೇಕು? ಆದರೆ ಮನಸ್ಸಿಗೆ ಕಸಿವಿಸಿಯಾಯಿತು. ಕೀ ಹೋದರೆ ಆ ಮನುಷ್ಯ ಮತ್ತೆ ಗೋಡೆಗೆ ಮುಖ ಮಾಡುತ್ತಾರೆ. ಕೀ ಉಳಿದು, ತಲೆ ಕೈಕೊಟ್ಟರೆ, ಅವರ ಪಕ್ಕದ ಸೀಟಿನಲ್ಲಿ ಇರುವುದು ನನ್ನ ಮಗಳು. ಮಾವ ಚೆನ್ನಾಗಿ ಆಡಲಪ್ಪ ಎಂದು ನಾನು ಮೊದಲ ಸಲ ಮನಸಾರೆ ಹಾರೈಸಿದೆ.

ಯಾವಾಗಲೂ ಮುಂದೆ ಕೂರುವ ಅತ್ತೆಯನ್ನು ಹೆಂಡತಿ ಹಿಂದಕ್ಕೆ ಕಳಿಸಿ ತಾನು ಮಾವನ ಪಕ್ಕ ಕೂತಳು. ಅತ್ತೆ ಹಿಂದೆ ಎಡಗಡೆ, ನಾನು ಬಲಗಡೆ. ಕಾರು ಬೀದಿಯ ತಿರುವು ದಾಟುವುದರೊಳಗೆ ಅತ್ತೆ ಎರಡು ಸೀಟುಗಳ ನಡುವೆ ತಲೆ ತೂರಿಸಿ ಜೋರಾಗಿ ಅಕ್ಷರ ಕೂಗತೊಡಗಿದರು. ಆರ್, ಎಸ್, ಬಿ! ಕಾರು ತೆವಳಿತು. ಎಡಗಡೆಯ ಸಂದಿಯಿಂದ ಒಂದು ನಾಯಿ ಓಡಿಬಂದು ನಮ್ಮ ಮುಂದೆ ದಾಟಿಹೋಯಿತು. ಮಾವ ಅದರ ಕಡೆ ನೋಡಲೂ ಇಲ್ಲ. ನಾನು ‘ರಬ್ಬರ್‌ಸ್‌ಬಿ’ ಎಂದೇನೋ ಬಡಬಡಿಸಿ ಉಗಿಸಿಕೊಂಡೆ. ಹೆಂಡತಿ ‘ರೆಸ್ಪಾನ್ಸಿಬಲ್’ ಎಂದಳು. ಮಾವ ಅವಳ ಕಡೆ ವಾರೆಗಣ್ಣು ಮಾಡಿ ‘ಇರ್ರೆಸ್ಪಾನ್ಸಿಬಿಲಿಟಿ’ ಎಂದು, ಅಕ್ಷರ ಹದಿನಾರು, ಬೇಕಾದರೆ ಎಣಿಸಿಕೋ ಎಂದರು.

ಹೆಂಡತಿಗೆ ಒಳಗೊಳಗೇ ಖುಷಿಯಾದದ್ದು ನನಗೆ ಗೊತ್ತಾಯಿತು. ಆದರೆ ಮುಂದಿನ ಸಿಗ್ನಲ್ ಹತ್ತಿರವೂ ಅತ್ತೆಯೇ ಅಕ್ಷರ ಕೂಗಿದರು. ಅದರಾಚೆಗೂ ಅವರೇ. ಒಬ್ಬ ಮುದುಕ ರಸ್ತೆಯಂಚಿನಲ್ಲಿ ಕೋಲೂರಿ ಇಳಿಯುತ್ತಿದ್ದಾಗ ಅತ್ತೆ ಮೂರಕ್ಷರವನ್ನು ಎಷ್ಟು ಕಿರುಚಿ ಹೇಳಿದರೆಂದರೆ ನಾನು ಬೆಚ್ಚಿಬಿದ್ದೆ. ಆಟಕ್ಕೆ ಇಷ್ಟೊಂದು ಆವೇಶವೇ ಎಂದು ಅವರ ಮುಖ ನೋಡಿದೆ. ಅವರ ಕಣ್ಣು ಮುಂದಿನ ಗಾಡಿಯ ಮೇಲಿರಲಿಲ್ಲ. ಎಡಗಡೆಯ ಫುಟ್‌ಪಾತನ್ನು ಜಾಲಾಡುತ್ತಿತ್ತು. ಅದರ ಬಗ್ಗೆ ನಾನು ಹೆಚ್ಚು ಯೋಚಿಸಲಿಲ್ಲ.

ನನ್ನ ಹೆಂಡತಿಗೆ ತಾಳ್ಮೆ ಕಡಿಮೆ. ಕಾರ್ಖಾನೆಯಲ್ಲಿ ಒಂದು ಸೀಸೆಯ ಪರೀಕ್ಷೆಗೆ ಇನ್ನೊಂದು ಸೀಸೆಯ ಹನಿ ಬೆರೆತರೆ ಇಡೀ ದಿನದ ಕೆಲಸ ಚರಂಡಿಗೆ ಸುರಿಯುವವಳು ಅವಳು. ಅಮ್ಮನ ಕಡೆ ತಿರುಗಿ ಖಡಾಖಂಡಿತವಾಗಿ ಹೇಳಿದಳು.

“ಅಮ್ಮ, ಇನ್ಮೇಲೆ ನೀನು ಬಾಯಿ ಬಿಡಬಾರದು. ಅಪ್ಪನೇ ನೋಡ್ಲಿ, ಅಪ್ಪನೇ ಓದ್ಲಿ. ನಾಳೆ ಪಾಪು ಜೊತೆ ನೀನಿರಲ್ಲ.”

“ಒಂದೊಂದು ಹೇಳ್ತೀನಿ ಕಣೇ. ಸುಮ್ನೆ ಕೂತ್ರೆ ನಂಗೆ ತಲೆ ಸುತ್ತುತ್ತೆ,” ಎಂದರು ಅತ್ತೆ.

“ಒಂದೂ ಬೇಡ.”

ಮಾವನಿಗೆ ಮಗಳ ಸವಾಲು ಇಷ್ಟವಾಯಿತು. ನನಗ್ಯಾರ ಹಂಗೂ ಬೇಡ ಎಂದು ಬೆನ್ನು ನೆಟ್ಟಗೆ ಮಾಡಿ ಕೂತರು. ದೂರದಲ್ಲಿ ಹೋಗುತ್ತಿದ್ದ ಬಿಳಿ ಕಾರಿನ ನಂಬರನ್ನು ನನಗೆ ಕಾಣುವ ಮೊದಲೇ ಓದಿದರು. ಪಿ, ಎಚ್, ಜಿ. ‘ಫೋಟೋಗ್ರಾಫಿಕಲಿ’ ಎಂದರು. ಇನ್ನೂ ದೂರದ ಬಸ್ಸಿನದನ್ನು ಓದಿದರು. ಆ ಬಸ್ಸಿಗೂ ಒಂದು ಪದ ಕೊಟ್ಟರು. ಅಕ್ಷರ ತಾವೇ ಓದುವಾಗ ಅವರ ಕಾಲು ನಿಧಾನವಾಗುತ್ತಿರಲಿಲ್ಲ. ಕಣ್ಣು ಮುಂದಿನ ಗಾಡಿಗೆ ಕಚ್ಚಿಕೊಂಡಿರುತ್ತಿತ್ತು, ಕಾರು ಅದರ ಬೆನ್ನು ಹಿಡಿದು ಓಡುತ್ತಿತ್ತು. ಕಣ್ಣಿಗೆ ಏನೂ ಆಗಿಲ್ಲ, ತಲೆಯಂತೂ ಚಾಕುವಿನ ಹಾಗಿದೆ ಎಂದು ಹೆಂಡತಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನನಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಹಿಡಿತ ಎಂದರೆ ಅಂತಿಂಥ ಹಿಡಿತವಲ್ಲ. ಎಡಗಡೆಯಿಂದ ಒಂದು ಸ್ಕೂಟರ್ ಹತ್ತಿರ ಬಂದರೆ ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ಸ್ಕೂಟರ್ ಹಿಂದೆ ಬಿದ್ದರೆ ಸಡಿಲವಾಗುತ್ತಿತ್ತು. ಅವರ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಹಣೆಯ ಮೇಲೆ ಬೆವರು. ಮೈಗೆ ಹುಷಾರಿಲ್ಲವೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಗಂಡನ ಹಿಂದಲೆಯನ್ನೂ ರಸ್ತೆಯ ಅಂಚನ್ನೂ ಒಂದಾದ ಮೇಲೊಂದು ನೋಡುತ್ತಲೇ ಇದ್ದರು. ಕಾರು ನಿಲ್ಲಿಸಿ ಸ್ವಲ್ಪ ನೀರು ಕುಡಿಸೋಣವೇ ಎಂದು ಹೆಂಡತಿಯನ್ನು ಕೇಳಿದೆ. ಇನ್ನೇನು ಶಾಲೆ ಬಂತು, ಅಲ್ಲೇ ನಿಲ್ಲಿಸೋಣ ಎಂದಳು.

ಶಾಲೆಯ ಬೀದಿ ನೇರವಾಗಿದೆ. ನಮ್ಮ ಮುಂದೆ ಒಂದು ವ್ಯಾನು ಹೋಗುತ್ತಿತ್ತು. ಮಾವ ಅದರ ಅಕ್ಷರ ಓದಿದರು. ಯು, ಟಿ, ಆರ್. ಸ್ಟೇರಿಂಗಿನ ಮೇಲೆ ಬೆರಳು ಕುಟ್ಟಿದರು. ಆಮೇಲೆ ಅವರ ಮುಖ ಅರಳಿದ್ದು ಕನ್ನಡಿಯಲ್ಲಿ ಕಂಡಿತು.

“ಕೌಂಟರ್‌ರೆವಲ್ಯೂಷನರಿ. ಎಣಿಸು. ಇಪ್ಪತ್ತು,” ಎಂದರು.

ಹೆಂಡತಿ ಫೋನಿನಲ್ಲಿ ನಿಘಂಟು ತೆರೆದು ತಲೆ ಬಗ್ಗಿಸಿದಳು. ಇದೆ, ನಿಜವಾಗಿಯೂ ಇದೆ, ಅಪ್ಪ ನೀನು ಪಾಸು ಎನ್ನುತ್ತಾ ನಗುತ್ತಿದ್ದಳು. ಆಗ ಎಡಗಡೆಯ ಸಂದಿಯಿಂದ ಒಬ್ಬ ಬಡಗಿ ಸೈಕಲ್ ತಳ್ಳಿಕೊಂಡು ರಸ್ತೆಗೆ ಇಳಿದ. ಸೈಕಲ್ಲಿಗೆ ಆತುಕೊಂಡ ಹಾಗೆ ದೊಡ್ಡದೊಂದು ಬಾಗಿಲ ಹಲಗೆ. ಹಲಗೆಯ ಮರೆಯಲ್ಲಿ ಅವನಿಗೆ ನಮ್ಮ ಕಾರು ಕಾಣುವಂತಿರಲಿಲ್ಲ. ನಾನು ಅವನನ್ನು ನೋಡಿದೆ, ಮಾವನೂ ನೋಡಿರುತ್ತಾರೆ ಎಂದುಕೊಂಡೆ. ಅಷ್ಟು ದೊಡ್ಡ ಹಲಗೆ ಯಾರಿಗೆ ತಾನೆ ಕಾಣುವುದಿಲ್ಲ? ಕಾರು ಅದೇ ವೇಗದಲ್ಲಿ ಹೋಗುತ್ತಿತ್ತು. ಮಾವ ಇನ್ನೂ ನಗುತ್ತಿದ್ದರು. ನಾನು ಕೂಗುವುದನ್ನು ಬಿಟ್ಟು ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಂಡೆ.

“ಎ, ಎಸ್, ಡಿ!” ಎಂದು ಅತ್ತೆ ಚೀರಿದರು.

ಮಾವನ ಕಾಲು ಬ್ರೇಕಿನ ಮೇಲೆ ಬಿತ್ತು. ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ಹೆಂಡತಿಯ ಫೋನು ಹಾರಿ ಗಾಜಿಗೆ ಬಡಿಯಿತು. ಕಾರು ನಿಂತಾಗ ಹಲಗೆಯ ಅಂಚು ಬಾನೆಟ್ಟಿಗೆ ಒರಗಿಕೊಂಡಿತ್ತು. ಹಲಗೆಯ ಆಚೆಯಿಂದ ಬಡಗಿಯ ಮುಖ ಎದ್ದಿತು, ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಕಣ್ಣು ಎಲ್ಲಿಟ್ಟುಕೊಂಡು ಓಡಿಸುತ್ತೀಯ ಮುದುಕಾ ಎಂದು ಬೈದು, ಸೈಕಲ್ ತಳ್ಳಿಕೊಂಡು ಹೋದ.

“ಇವನು ಎಲ್ಲಿಂದ ಬಂದ?” ಎಂದರು ಮಾವ.

ಮಾವ ಕಾರನ್ನು ಶಾಲೆಯ ಗೋಡೆಯ ಪಕ್ಕ ನಿಲ್ಲಿಸಿ ಎಂಜಿನ್ ಆರಿಸಿದರು. ಆಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಅತ್ತೆಯನ್ನು ನೋಡಿದರು.

“ಎ, ಎಸ್, ಡಿ ಯಾವ ಗಾಡೀದು?” ಎಂದು ಕೇಳಿದರು. “ಅದು ಟೈಪಿಂಗಿನ ಮೊದಲನೇ ಪಾಠ. ಎಡಗೈ ಬೆರಳಿನ ಪಾಠ. ನಾನೇ ನಿನಗೆ ಕಲಿಸಿದ್ದು. ಆ ವ್ಯಾನಿನ ಮೇಲೆ ಇರಲಿಲ್ಲ ಅದು.”

“ಗಾಬರೀಲಿ ಅದೇ ಬಾಯಿಗೆ ಬಂತು,” ಎಂದರು ಅತ್ತೆ.

“ಉಳಿದಿದ್ದು? ದಿನಾ ಹೇಳ್ತಿದ್ದಿದ್ದು?”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಕೆಲವು ನಿಜ, ಹೆಚ್ಚಿನವು ತಾನೇ ಕಟ್ಟಿದ್ದು ಎಂದರು. ಆಮೇಲೆ ಒಂದೊಂದಾಗಿ ಎಲ್ಲ ಹೊರಬಂತು. ಗಂಡನಿಗೆ ನೇರಕ್ಕಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ ಎಂದು ಅವರಿಗೆ ಮೊದಲು ಗೊತ್ತಾದದ್ದು ಊಟದ ಮೇಜಿನ ಮುಂದೆ. ತಟ್ಟೆಯ ಎದುರಿಗಿಟ್ಟದ್ದನ್ನು ಮಾತ್ರ ಮಾವ ತೆಗೆದುಕೊಳ್ಳುತ್ತಿದ್ದರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ, ಅಷ್ಟು ದೂರದ ನಂಬರ್ ಓದುವ ನನಗೆ ಡಾಕ್ಟರ್ ಯಾಕೆ ಎಂದು ಮಾವ ಸಿಡುಕಿದ್ದರು. ಕಾರಿನಲ್ಲಿ ಒಮ್ಮೆ ಅತ್ತೆ, ಪಕ್ಕ ನೋಡಿ ಎಂದು ಕೂಗಿದ್ದಕ್ಕೆ, ನನಗೆ ಓಡಿಸಲು ಕಲಿಸುತ್ತೀಯಾ ಎಂದು ಕೋಪಿಸಿಕೊಂಡು ದಾರಿಯುದ್ದಕ್ಕೂ ಇನ್ನೂ ಜೋರಾಗಿ ಓಡಿಸಿದ್ದರು. ಮಾರನೇ ದಿನ ಅತ್ತೆ ಆಟಕ್ಕೆಂದು ಅಕ್ಷರ ಹೇಳಿದಾಗ ಕಾರು ನಿಧಾನವಾಯಿತು, ಅದೇ ಹೊತ್ತಿಗೆ ಸಂದಿಯಿಂದ ಒಂದು ಮಗು ಚೆಂಡಿನ ಹಿಂದೆ ಓಡಿಬಂದು ದಾಟಿಹೋಯಿತು. ಅವತ್ತಿನಿಂದ ಪಕ್ಕದಲ್ಲಿ ಏನು ಬಂದರೂ ಅತ್ತೆ ಅಕ್ಷರ ಎಸೆಯತೊಡಗಿದ್ದರು.

ನನ್ನ ಹೆಂಡತಿ ತಾಯಿಯ ಮೇಲೆ ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. ಅವಳ ದನಿ ಏರಲಿಲ್ಲ, ಅದರಿಂದಲೇ ಹೆಚ್ಚು ಭಯವಾಗುತ್ತಿತ್ತು.

“ನಾಳೆ ನನ್ನ ಮಗಳು ಇಲ್ಲಿ ಕೂರ್ತಿದ್ಳು ಅಮ್ಮ. ಈ ಸೀಟಲ್ಲಿ.”

“ಅದಕ್ಕೇ ನಾನೂ ಬರ್ತೀನಿ ಅಂದೆ.”

“ಒಂದು ದಿನ ನಿನಗೆ ಜ್ವರ ಬಂದಿದ್ರೆ? ಕಣ್ಣು ಮಿಟುಕಿಸೋಷ್ಟರಲ್ಲಿ ಯಾರಾದ್ರೂ ಅಡ್ಡ ಬಂದಿದ್ರೆ?”

ನನಗೂ ಸಿಟ್ಟು ಬಂದಿತ್ತು. ಆ ಬಡಗಿಗೂ ಹೆಂಡತಿ ಮಕ್ಕಳಿರುತ್ತಾರೆ. ಇವರ ದಾಂಪತ್ಯದ ಆಟಕ್ಕೆ ರಸ್ತೆಯಲ್ಲಿ ಹೋಗುವವರು ಯಾಕೆ ಬೆಲೆ ತೆರಬೇಕು? ಹಾಗೆಂದು ಬಾಯಿಬಿಟ್ಟು ಹೇಳಲು ಹೊರಟವನು ಅತ್ತೆಯ ಕೈ ನೋಡಿ ಸುಮ್ಮನಾದೆ. ಆ ಕೈ ಇನ್ನೂ ನನ್ನ ಮಣಿಕಟ್ಟಿನ ಮೇಲೆಯೇ ಇತ್ತು. ಸಿಟ್ಟು ಹೋಗಲಿಲ್ಲ. ಆದರೆ ಆ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ.

ಮಾವ ಕೀ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಅವರ ಮುಖದಲ್ಲಿ ಈಗ ಗೆಲುವಿನ ಗುರುತೂ ಇರಲಿಲ್ಲ.

“ನನಗೆ ಯಾಕೆ ಹೇಳಲಿಲ್ಲ?” ಎಂದರು.

“ಹೇಳಿದ್ರೆ ನೀವು ನಂಬ್ತಿರಲಿಲ್ಲ. ನಂಬಿದ್ರೆ ಮತ್ತೆ ಹೋಗಿ ಮಲಗಿಬಿಡ್ತಿದ್ರಿ.”

“ನೀನು ಬರದೇ ಇರಬಹುದಿತ್ತಲ್ಲ. ಮಂಡಿ ನೋವು ಅಂತ ಮನೇಲೇ ಇರಬಹುದಿತ್ತು.”

“ನೀವು ಒಬ್ಬರೇ ಹೋಗ್ತಿದ್ರಿ,” ಎಂದರು ಅತ್ತೆ.

“ಭಯ ಆಗ್ತಿರಲಿಲ್ವಾ ನಿನಗೆ?”

“ದಿನಾ ಆಗ್ತಿತ್ತು.”

ಮಾವ ಏನೋ ಹೇಳಲು ಬಾಯಿ ತೆರೆದರು. ಲೋಕದ ಉದ್ದ ಪದಗಳನ್ನೆಲ್ಲ ಬಾಯಿಗೆ ತುಂಬಿಕೊಂಡಿದ್ದ ಮನುಷ್ಯನಿಗೆ ಒಂದೂ ಸಿಗಲಿಲ್ಲ. ಕೀಯನ್ನು ಮಗಳ ಕೈಗೆ ಕೊಟ್ಟು, ನೀನು ಓಡಿಸು ಎಂದು ಕೆಳಗಿಳಿದರು. ನಾನು ಇಳಿದು ಅವರಿಗೆ ಹಿಂದಿನ ಬಾಗಿಲು ತೆರೆದೆ. ಬಾಗಿಲ ಅಂಚಿಗೆ ಅವರ ಭುಜ ತಾಗುವುದರಲ್ಲಿತ್ತು, ನಾನು ಕೈ ಅಡ್ಡ ಹಿಡಿದೆ. ಇಷ್ಟು ದಿನ ಅದನ್ನು ನೋಡಿಯೂ ನೋಡದ ಹಾಗಿದ್ದ ನಮಗೆಲ್ಲ ಏನಾಗಿತ್ತೋ. ಮಾವ ಅತ್ತೆಯ ಪಕ್ಕ ಕೂತರು. ನಾನು ಮುಂದೆ ಹೆಂಡತಿಯ ಪಕ್ಕ ಹೋಗಿ ಕೂತೆ.

ಹೆಂಡತಿ ಮೂಗು ಒರೆಸಿಕೊಂಡು ಕಾರು ಹೊರಡಿಸಿದಳು. ಮಗಳನ್ನು ಶಾಲೆಗೆ ಬಿಡಲು ಬೇರೆ ದಾರಿ ನೋಡಬೇಕು, ಕಣ್ಣಿನ ಡಾಕ್ಟರಿಗೆ ನಾಳೆಯೇ ಫೋನ್ ಮಾಡಬೇಕು ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ನಾನು ಹೂಂಗುಟ್ಟಿದೆ. ಮುಂದೆ ಒಂದು ಲಾರಿ ಹೋಗುತ್ತಿತ್ತು, ನಂಬರ್ ಪ್ಲೇಟು ಎದುರಿಗೇ ಇತ್ತು. ಯಾರೂ ಅದನ್ನು ಓದಲಿಲ್ಲ.

ಸಿಗ್ನಲ್ ದಾಟಿದ ಮೇಲೆ ಹಿಂದಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ತಿರುಗಿ ನೋಡಿದೆ. ಅತ್ತೆ ಮಾವನ ಭುಜದ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದರು. ಎಡಗಡೆಯಿಂದ ಒಂದು ಬಸ್ಸು ಕಿವಿ ಹರಿಯುವ ಹಾಗೆ ಹಾರನ್ ಹೊಡೆದು ನಮ್ಮನ್ನು ದಾಟಿತು. ಅವರಿಗೆ ಎಚ್ಚರವಾಗಲಿಲ್ಲ.

“ಇವಳು ಕಾರಲ್ಲಿ ನಿದ್ದೆ ಮಾಡೋಳೇ ಅಲ್ಲ,” ಎಂದು ಮಾವ ಪಿಸುದನಿಯಲ್ಲಿ ಹೇಳಿದರು. ಅಂದ ಮೇಲೆ ತಮ್ಮ ಮಾತು ತಮಗೇ ಅರ್ಥವಾಯಿತೇನೋ, ಕಣ್ಣು ತುಂಬಿಕೊಂಡರು.

ಮನೆ ಬಂತು. ಹೆಂಡತಿ ಎಂಜಿನ್ ಆರಿಸಿ ಅಮ್ಮನನ್ನು ಎಬ್ಬಿಸಲು ಕೈ ಚಾಚಿದಳು. ಮಾವ ಬೇಡ ಎಂದು ತಲೆಯಾಡಿಸಿದರು. ನೀವು ಒಳಗೆ ಹೋಗಿ ಎಂದರು. ನಾವು ಒಳಗೆ ಹೋಗಿ, ಮಗಳನ್ನು ಕರೆತಂದು, ಊಟಕ್ಕೆ ತಟ್ಟೆ ಇಟ್ಟು ಕಿಟಕಿಯಿಂದ ನೋಡಿದಾಗಲೂ ಅವರಿಬ್ಬರೂ ಕಾರಿನಲ್ಲೇ ಇದ್ದರು. ಅತ್ತೆ ಮಲಗಿದ್ದರು, ಮಾವ ಭುಜ ಅಲುಗಿಸದೆ ಕೂತಿದ್ದರು.